ಬೇರಲ್ಲಿ ಕೆಂಪು, ಮೀನಲ್ಲಿ ಇಲ್ಲ

"ಮೇಷ್ಟ್ರೇ, ಇಲ್ನೋಡಿ" ಎಂದು ಪಕ್ಕದ ಹೊಲದ ಅಕ್ಕ ಶೇಂಗಾ ಗಿಡವೊಂದನ್ನು ಬುಡಸಮೇತ ಕಿತ್ತು ಬೇಲಿ ಮೇಲೆ ಹಿಡಿದರು. ಬೇರಿನ ಗಂಟನ್ನು ಉಗುರಲ್ಲಿ ಚಿವುಟಿದರೆ ಒಳಗೆಲ್ಲ ನಸುಗೆಂಪು. "ಬೆಲ್ಲದ ನೀರಲ್ಲಿ ಕಲೆಸಿ ಬೀಜಕ್ಕೆ ಹಚ್ಚಿದ್ನಲ್ಲ, ಆ ರೈಜೋಬಿಯಂ ಪುಡಿ ಹಿಡ್ದೈತೆ."

"ಅದು ರಕ್ತದ ಬಣ್ಣ ಕಣಕ್ಕಾ. ನಮ್ಮ ಹಿಮೋಗ್ಲೋಬಿನ್‌ನ ದಾಯಾದಿ."

"ಗಿಡಕ್ಕೆಂಥ ರಕ್ತ, ಬಿಡಿ."

"ಗಿಡದ ಮಾತಿರಲಿ, ಕೆಂಪು ರಕ್ತವೇ ಇಲ್ಲದ ಮೀನುಂಟು!"

ಅಕ್ಕ ಕುಡುಗೋಲು ಕೆಳಗಿಟ್ಟರು. ನನಗೆ ಅಷ್ಟು ಸಾಕಿತ್ತು.

ಅಂಟಾರ್ಕ್ಟಿಕಾದ ಹಿಮಮೀನು ಅದು. 1929ರಲ್ಲಿ ನಾರ್ವೆಯ ಜೀವವಿಜ್ಞಾನಿ ಯೋಹಾನ್ ರೂಡ್ ಅತ್ತ ಹೋಗಿದ್ದಾಗ, ಇಲ್ಲಿ ರಕ್ತವಿಲ್ಲದ ಮೀನಿದೆ ಅಂತ ತಿಮಿಂಗಿಲ ಬೇಟೆಯವರು ಹೇಳಿದರು. ರೂಡ್ ನಂಬಲಿಲ್ಲ. (ಓದಿದವರ ಹಣೆಬರಹವೇ ಇಷ್ಟು.) ಕೊನೆಗೆ 1954ರಲ್ಲಿ ಅವರೇ ಬರೆದು ಪ್ರಕಟಿಸಿದರು: ರಕ್ತಕ್ಕೆ ಬಣ್ಣವಿಲ್ಲ, ಹಿಮೋಗ್ಲೋಬಿನ್ ಇಲ್ಲ.

"ಮತ್ತೆ ಉಸಿರು?"

"ನೀರು ತಣ್ಣಗಿದ್ದಷ್ಟೂ ಅದರಲ್ಲಿ ಆಮ್ಲಜನಕ ಹೆಚ್ಚು ಕರಗುತ್ತೆ. ಅಲ್ಲಿ ನೀರಿನ ಉಷ್ಣತೆ ಸೊನ್ನೆಗಿಂತಲೂ ಸುಮಾರು 1.9 ಡಿಗ್ರಿ ಕೆಳಗೆ. ಹಾಗಾಗಿ ಬಣ್ಣವಿಲ್ಲದ ರಕ್ತದಲ್ಲೇ ಬದುಕು ನಡೀತದೆ. ಆದರೆ ದಂಡ ಕಟ್ಟಿದೆ: ಹೃದಯ ದೊಡ್ಡದು, ರಕ್ತ ಬೇರೆ ಮೀನುಗಳಿಗಿಂತ ಎಷ್ಟೋ ಹೆಚ್ಚು, ಹಗಲೂರಾತ್ರಿ ಪಂಪು ಹೊಡೀತಿರಬೇಕು."

"ನಮ್ ಗಂಟಿಂದೇನು?"

ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾದ ಪಾಡು ತಿರುಗಾಮುರುಗಾ. ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುವ ಅದರ ಕಿಣ್ವ, ಆಮ್ಲಜನಕ ತಗುಲಿದರೆ ಕೆಟ್ಟಿತು. ಆದರೆ ಉಸಿರಿಗೆ ಆಮ್ಲಜನಕವೇ ಬೇಕು! ಈ ಪಜೀತಿಗೆ ಶೇಂಗಾ ಗಿಡವೇ ಕೆಂಪು ಪ್ರೋಟೀನ್ ತಯಾರಿಸಿ, ಆಮ್ಲಜನಕವನ್ನು ನ್ಯಾಯಬೆಲೆ ಅಂಗಡಿಯವನ ಹಾಗೆ ಅಳೆದು ಅಳೆದು ಕೊಡುತ್ತದೆ. ಗಂಟು ಹಸಿರಿಗೋ ಕಂದಿಗೋ ತಿರುಗಿದರೆ ಕೆಲಸ ನಿಂತಿತೆಂದೇ ಲೆಕ್ಕ.

ಇಬ್ಬರಲ್ಲಿ ಯಾರು ಜಾಣರು ಅಂದರೆ ನನ್ನ ಓಟು ಬ್ಯಾಕ್ಟೀರಿಯಾಕ್ಕೇ. ಮೀನು ಹಿಮೋಗ್ಲೋಬಿನ್‌ನ ಜೀನನ್ನೇ ಕಳಕೊಂಡು ಕೂತಿದೆ. ಕಡಲು ಬಿಸಿಯಾದರೆ ಆಮ್ಲಜನಕ ಕಮ್ಮಿ, ಹಳೆಯ ದಾರಿಗೆ ಮರಳುವಂತಿಲ್ಲ. ಬ್ಯಾಕ್ಟೀರಿಯಾ ಮಾತ್ರ ಆಸರೆ ಕೊಟ್ಟವರ ಖರ್ಚಲ್ಲೇ ಕಾವಲು ಇಡಿಸಿಕೊಂಡಿದೆ.

ಅಕ್ಕನಿಗೆ ಇದೆಲ್ಲ ಬೇಕಿರಲಿಲ್ಲ. "ಸಾರಿಗೆ ಬರ್ತೈತಾ ಆ ಮೀನು?"

"ಬರುತ್ತೆ. ದಕ್ಷಿಣ ಜಾರ್ಜಿಯಾ ದ್ವೀಪದ ಸುತ್ತ ಅದರದೊಂದು ಜಾತಿಯನ್ನು ಬಲೆಹಾಕಿ ಹಿಡಿದು ಮಾರ್ತಾರೆ."

"ಹಂಗಾದ್ರೆ ಮೀನೇ ವಾಸಿ ಬಿಡಿ" ಎಂದು ಅಕ್ಕ ಗಂಟಿನ ಗಿಡವನ್ನು ಎಮ್ಮೆಗೆ ಎಸೆದರು.