ಸ್ವಲ್ಪ ಟೈಮು ಕೊಡಿ

ಥಾಯ್ಲೆಂಡಿನ ಕ್ಯಾಲೆಂಡರ್ ನಮ್ಮದಕ್ಕಿಂತ 543 ವರ್ಷ ಮುಂದಿದೆ. ಅವರು ಎಣಿಸುವುದು ಬುದ್ಧ ಶಕೆ. ನಮಗೆ 2014 ಆಗಿದ್ದಾಗ ಅಲ್ಲಿ 2557. ಇದೊಂದನ್ನು ಪಂಚೆಯ ತುದಿಗೆ ಗಂಟು ಹಾಕಿಟ್ಟುಕೊಂಡರೆ ಜನರಲ್ ಪ್ರಯುತ್ ಚಾನ್-ಓಚಾ ಅವರ ಒಂಬತ್ತು ವರ್ಷದ ಪ್ರಧಾನಿಗಿರಿ ಸಲೀಸಾಗಿ ಅರ್ಥವಾಗುತ್ತದೆ. ಐನೂರ ನಲವತ್ತಮೂರು ವರ್ಷ ಕೂಡಿಸಿಕೊಂಡು ಆರಾಮಾಗಿರುವ ದೇಶಕ್ಕೆ ಎರಡು ವರ್ಷ ಏಳು ತಿಂಗಳು ಕಳೆಯುವುದು ಏನು ಮಹಾ? ಆ ಕಳೆದುಹೋದ ಲೆಕ್ಕಕ್ಕೆ ಆಮೇಲೆ ಬರೋಣ.

2014ರ ಮೇ 20, ಬೆಳಗಿನ ಜಾವ ಮೂರು ಗಂಟೆ. ಸೇನಾ ಮುಖ್ಯಸ್ಥ ಪ್ರಯುತ್ 1914ರ ಒಂದು ಕಾಯ್ದೆಯ ಧೂಳು ಕೊಡವಿ ದೇಶಕ್ಕೆಲ್ಲ ಸೇನಾಡಳಿತ ಘೋಷಿಸಿದರು. ಜೊತೆಗೆ ಒಂದು ಸಮಾಧಾನ: ಇದು ಕ್ಷಿಪ್ರಕ್ರಾಂತಿಯಲ್ಲ. ಅಳಿಯ ಅಲ್ಲ, ಮಗಳ ಗಂಡ. ಪ್ರಧಾನಿ ಯಿಂಗ್‌ಲಕ್ ಶಿನವಾತ್ರ ಅವರನ್ನು ಸಾಂವಿಧಾನಿಕ ನ್ಯಾಯಾಲಯ ಎರಡು ವಾರದ ಹಿಂದೆಯೇ ಮನೆಗೆ ಕಳಿಸಿತ್ತು; ಉಳಿದ ಹಂಗಾಮಿ ಮಂತ್ರಿಗಳು, ವಿರೋಧಿಗಳು, ಬೀದಿ ಹೋರಾಟಗಾರರು ಎಲ್ಲರನ್ನೂ ಜನರಲ್ ಬ್ಯಾಂಕಾಕಿನ ಸೇನಾ ಕ್ಲಬ್ಬಿಗೆ ರಾಜಿ ಪಂಚಾಯಿತಿಗೆ ಕರೆದರು. ಎರಡನೇ ದಿನ, ಮೇ 22ರಂದು, ಸರ್ಕಾರದವರು ರಾಜೀನಾಮೆ ಕೊಡುವುದಿಲ್ಲ ಎಂದರು. ಹಾಗಿದ್ದರೆ ಅಧಿಕಾರ ನಾನೇ ತಗೊಳ್ತೀನಿ ಎಂದು ಜನರಲ್ ಎದ್ದರು. ಪಾಲು ಹಂಚಲು ಬಂದ ದಾಯಾದಿಗಳನ್ನು ಚಾವಡಿಯೊಳಗೇ ಕೂಡಿಹಾಕಿ, ಪಂಚರೇ ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ.

ಅದು 1932ರಿಂದೀಚೆಗೆ ಆ ದೇಶದ ಹನ್ನೆರಡನೇ ಯಶಸ್ವಿ ದಂಗೆ. ಸೋತವು ಬೇರೆ. ಇಷ್ಟು ರೂಢಿಯಾದ ಮೇಲೆ ಕಸುಬಿನಲ್ಲಿ ನಾಜೂಕು ಬಂದೇ ಬರುತ್ತದೆ. 1971ರಲ್ಲಿ ಫೀಲ್ಡ್ ಮಾರ್ಷಲ್ ಥನೋಮ್ ಪ್ರಧಾನಿಯಾಗಿದ್ದುಕೊಂಡೇ ತಮ್ಮ ಸರ್ಕಾರದ ವಿರುದ್ಧವೇ ದಂಗೆ ಮಾಡಿ ಗೆದ್ದಿದ್ದರು. ಆ ಪರಂಪರೆಯಲ್ಲಿ ಪ್ರಯುತ್ ಅವರ ಕೊಡುಗೆ ಸಂಗೀತ. ಜನರಿಗೆ ಸಂತೋಷ ಹಿಂದಿರುಗಿಸುವುದಾಗಿ ಒಂದು ಹಾಡನ್ನು ಖುದ್ದು ಬರೆದರು. ಮಾತು ಕೊಟ್ಟಂತೆ ನಡೆದುಕೊಳ್ಳುತ್ತೇವೆ, ಸ್ವಲ್ಪ ಟೈಮು ಕೊಡಿ ಎಂಬುದು ಅದರ ಸಾರ. ಪುಕ್ಕಟೆ ಸಂಗೀತ ಕಚೇರಿ, ಪುಕ್ಕಟೆ ಕ್ಷೌರ, ರಾಜ ನರೇಸುವಾನನ ಯುದ್ಧದ ಸಿನಿಮಾಕ್ಕೆ ಪುಕ್ಕಟೆ ಟಿಕೆಟ್. ಪ್ರತಿ ಶುಕ್ರವಾರ ಸಂಜೆ ಟೀವಿಯಲ್ಲಿ ಜನರಲ್ ಭಾಷಣ. ಕರ್ಫ್ಯೂ ಮೊದಲು ಸಡಿಲವಾದದ್ದು ಪಟ್ಟಾಯ, ಫುಕೆಟ್, ಸಮುಯಿಗಳಲ್ಲಿ. ಪ್ರಜೆಗಳು ಕಾಯಬಲ್ಲರು, ಪ್ಯಾಕೇಜ್ ಟೂರಿನವರು ಕಾಯಲಾರರಲ್ಲ.

ಸಂತೋಷಕ್ಕೆ ಕೆಲವು ಷರತ್ತುಗಳಿದ್ದವು. ಐವರು ಅಥವಾ ಹೆಚ್ಚು ಮಂದಿ ರಾಜಕೀಯಕ್ಕೆಂದು ಗುಂಪು ಸೇರುವಂತಿಲ್ಲ. ಹಾಗಾಗಿ ಒಬ್ಬನೇ ವಿದ್ಯಾರ್ಥಿ ಸಿಯಾಮ್ ಪ್ಯಾರಾಗಾನ್ ಮಾಲಿನ ಮುಂದೆ ನಿಂತು ಸ್ಯಾಂಡ್‌ವಿಚ್ ತಿನ್ನುತ್ತ ಆರ್ವೆಲ್‌ನ ಕಾದಂಬರಿ ಓದಿದ. ಅವನನ್ನೂ ಎತ್ತಿಕೊಂಡು ಹೋದರು. ಅಪರಾಧ ಬ್ರೆಡ್ಡಿನದೋ ಪುಸ್ತಕದ್ದೋ ಎಂಬುದು ತಿಳಿಯದೆ ಊರಿನವರು ಎರಡನ್ನೂ ಮನೆಯೊಳಗೇ ಮುಗಿಸುವುದು ಕ್ಷೇಮವೆಂದುಕೊಂಡಿರಬೇಕು. ಹಾಲಿವುಡ್ ಸಿನಿಮಾ ನೋಡಿ ಪ್ರತಿಭಟನೆಗೆಂದು ಮೂರು ಬೆರಳೆತ್ತಿದವರ ಗತಿಯೂ ಅದೇ. ಬ್ಯಾರಕ್ಕಿಗೆ ಕರೆದೊಯ್ದು ಕೂರಿಸುವುದಕ್ಕೆ ಅಲ್ಲಿಟ್ಟ ಹೆಸರು ‘ಮನೋಭಾವ ಸರಿಪಡಿಕೆ’. ಹೊರಗೆ ಬರುವಾಗ ಇನ್ನು ರಾಜಕೀಯದ ಉಸಾಬರಿಗೆ ಹೋಗೆನೆಂದು ಮುಚ್ಚಳಿಕೆ ಬರೆದುಕೊಡಬೇಕು. ಕಾರು ಸರ್ವಿಸಿಗೆ ಬಿಟ್ಟ ಹಾಗೆ, ವ್ಯತ್ಯಾಸವಿಷ್ಟೇ: ಇಲ್ಲಿ ಗ್ಯಾರಂಟಿ ಕೊಡಬೇಕಾದದ್ದು ಕಾರು.

ಆಗಸ್ಟ್ 21ಕ್ಕೆ ಶಾಸನಸಭೆ ಸೇರಿ ಪ್ರಧಾನಿಯನ್ನು ಆರಿಸಿತು. ಸಭೆಯ ಸದಸ್ಯರನ್ನು ಆಯ್ದದ್ದು ಜನರಲ್ ಕೂಟ. ಅರ್ಧಕ್ಕಿಂತ ಹೆಚ್ಚು ಮಂದಿ ಹಾಲಿ ಅಥವಾ ಮಾಜಿ ಸೇನಾಧಿಕಾರಿಗಳು. ಅಭ್ಯರ್ಥಿ ಒಬ್ಬರೇ. ಪರ 191, ವಿರೋಧ ಸೊನ್ನೆ, ತಟಸ್ಥ ಮೂರು. ಆ ಮೂವರ ಬಗ್ಗೆ ನನಗೆ ಈಗಲೂ ಕುತೂಹಲ. ಹೆಂಡತಿ ಮಕ್ಕಳ ಮುಂದೆ ಆ ಸಂಜೆ ಎಷ್ಟು ದೊಡ್ಡ ಕ್ರಾಂತಿಕಾರಿಗಳಾಗಿ ಕಂಡಿರಬೇಡ!

ತಾತ್ಕಾಲಿಕ ಸಂವಿಧಾನದ 44ನೇ ವಿಧಿ ಎಂಬುದೊಂದಿತ್ತು. ಅದರ ಪ್ರಕಾರ ಜನರಲ್ ಹೊರಡಿಸಿದ ಯಾವುದೇ ಆದೇಶ ಹುಟ್ಟುವಾಗಲೇ ಸಂವಿಧಾನಬದ್ಧ, ಹುಟ್ಟುವಾಗಲೇ ಅಂತಿಮ. ಲಾಟರಿ ಟಿಕೆಟ್ಟಿನ ದರ, ರಾತ್ರಿ ಬೈಕ್ ರೇಸ್ ಮಾಡುವ ಹುಡುಗರು, ಚಿನ್ನದ ಗಣಿ, ಎಲ್ಲಕ್ಕೂ ಅದೇ ಕಷಾಯ. ಒಂದೇ ಒಂದು ವಿಷಯಕ್ಕೆ ಮಾತ್ರ ಅದು ತಾಗಲಿಲ್ಲ: ಚುನಾವಣೆಯ ದಿನಾಂಕ. 2015 ಎಂದರು. ಆಮೇಲೆ 2016, ಆಮೇಲೆ 2017. 2018ರ ನವೆಂಬರ್ ಖಂಡಿತ ಎಂದರು. 2019ರ ಫೆಬ್ರವರಿ 24 ಎಂದರು. ಅಂತೂ ಮಾರ್ಚ್ 24ಕ್ಕೆ ಆಯಿತು. ನಮ್ಮ ಕಡೆ ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆದು ದೆವ್ವವನ್ನು ದಿನಾ ವಾಪಸು ಕಳಿಸುತ್ತಿದ್ದರಂತೆ. ಜನರಲ್ ಅದೇ ಉಪಾಯದಿಂದ ಪ್ರಜಾಪ್ರಭುತ್ವವನ್ನು ಐದು ವರ್ಷ ಹೊಸಿಲಾಚೆ ನಿಲ್ಲಿಸಿದರು.

ಈ ನಡುವೆ ಪತ್ರಕರ್ತರು ದಿನಾಂಕ ಕೇಳುತ್ತಲೇ ಇದ್ದರು. ಒಮ್ಮೆ ಕ್ಯಾಮೆರಾದವನ ಮೇಲೆ ಬಾಳೆಹಣ್ಣಿನ ಸಿಪ್ಪೆ ಬಿತ್ತು. 2015ರಲ್ಲಿ, ಸತ್ಯ ಬರೆಯದ ಪತ್ರಕರ್ತರನ್ನು ಏನು ಮಾಡುತ್ತೀರೆಂದು ಕೇಳಿದ್ದಕ್ಕೆ, ಬಹುಶಃ ಮರಣದಂಡನೆ ಕೊಡುತ್ತೇನೆ ಎಂದುಬಿಟ್ಟರು. 2021ರಲ್ಲಿ ಪ್ರಶ್ನೆ ಕೇಳಿದವರ ಮೇಲೆ ಸ್ಯಾನಿಟೈಸರ್ ಸಿಂಪಡಿಸುತ್ತ ಸಾಲಿನುದ್ದಕ್ಕೂ ನಡೆದರು. ಆದರೆ ಅವರ ಪ್ರತಿಭೆಯ ಶಿಖರ 2018ರ ಜನವರಿ. ಮಕ್ಕಳ ದಿನಾಚರಣೆಗೆ ತಂದಿದ್ದ ತಮ್ಮದೇ ಆಳೆತ್ತರದ ರಟ್ಟಿನ ಕಟೌಟನ್ನು ಮೈಕಿನ ಮುಂದೆ ನಿಲ್ಲಿಸಿ, ರಾಜಕೀಯದ ಪ್ರಶ್ನೆಯಿದ್ದರೆ ಇವನನ್ನು ಕೇಳಿ ಎಂದು ಹೊರಟೇಹೋದರು. ಎಲ್ಲರೂ ನಕ್ಕರು. ನನಗಂತೂ ಆ ರಟ್ಟಿನ ಪ್ರಧಾನಿ ಬಹಳ ಹಿಡಿಸಿದ. ಹಾಡು ಬರೆಯಲಿಲ್ಲ, ರೇಗಲಿಲ್ಲ, 44ನೇ ವಿಧಿಯ ತಂಟೆಗೆ ಹೋಗಲಿಲ್ಲ, ಕೆಲಸ ಮುಗಿದ ಮೇಲೆ ಮಡಚಿ ಇಡಬಹುದಿತ್ತು.

2019ರ ಚುನಾವಣೆಗೆ ಜನರಲ್ ಸ್ವತಃ ನಿಲ್ಲಲಿಲ್ಲ. ನಿಲ್ಲುವ ಅಗತ್ಯವೇನು? ಹೊಸ ಸಂವಿಧಾನದಲ್ಲಿ ಪ್ರಧಾನಿಯನ್ನು ಆರಿಸಲು 500 ಚುನಾಯಿತರ ಜೊತೆ 250 ಸೆನೆಟರುಗಳೂ ಮತ ಹಾಕಬೇಕಿತ್ತು, ಆ ಸೆನೆಟರುಗಳನ್ನು ನೇಮಿಸಿದ್ದು ಜನರಲ್ ಮಂಡಳಿ. ಗೆಲುವಿಗೆ ಬೇಕಾದ 376ರಲ್ಲಿ 250 ಮೊದಲೇ ಕಣಜದಲ್ಲಿ. ಅವರನ್ನು ಬೆಂಬಲಿಸಿದ ಪಕ್ಷಕ್ಕೆ ಬಂದದ್ದು 116 ಸ್ಥಾನ, ಎರಡನೇ ಜಾಗ. ಚಿಕ್ಕಪುಟ್ಟ ಪಕ್ಷಗಳನ್ನು ಸೇರಿಸಿಕೊಂಡು ಮತ ಎಣಿಸಿದಾಗ ಇವರಿಗೆ 500, ಎದುರಾಳಿಗೆ 244. 249 ಸೆನೆಟರುಗಳು ಒಬ್ಬರೂ ತಪ್ಪದೆ ಇವರಿಗೇ ಹಾಕಿದ್ದರು. ಅವರಲ್ಲಿ ಸ್ವಂತ ತಮ್ಮನೂ ಒಬ್ಬ. ಮಿಕ್ಕ ಒಬ್ಬರು ಸೆನೆಟ್ಟಿನ ಅಧ್ಯಕ್ಷರು, ಮರ್ಯಾದೆಗೆಂದು ತಟಸ್ಥರಾದರು. ಮುಂದೆ ಪ್ರಮಾಣವಚನದಲ್ಲಿ ಸಂವಿಧಾನವನ್ನು ಪಾಲಿಸುತ್ತೇನೆಂಬ ವಾಕ್ಯವೊಂದು ಬಿಟ್ಟುಹೋಯಿತು. ಜನ ಗಲಾಟೆ ಮಾಡಿದರು, ನಾನು ಮಾಡುವುದಿಲ್ಲ. ಆ ದೇಶದ ಪ್ರಮಾಣವಚನಗಳಲ್ಲೇ ಅಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿರಲಾರದು.

ನ್ಯಾಯಾಲಯದ ಮಾತು ಬಂದರೆ ಸಮಕ್ ಸುಂದರವೇಜ್ ಅವರನ್ನು ನೆನೆಯದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ. ಚುನಾವಣೆ ಗೆದ್ದು ಪ್ರಧಾನಿಯಾದ ಮನುಷ್ಯ, ಟೀವಿಯಲ್ಲಿ ಅಡುಗೆ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. 2008ರಲ್ಲಿ ಅದೇ ಸಾಂವಿಧಾನಿಕ ನ್ಯಾಯಾಲಯ ನಿಘಂಟು ತೆರೆದು ‘ನೌಕರ’ ಪದದ ಅರ್ಥ ಹುಡುಕಿ, ಸೌಟು ಹಿಡಿದು ಸಂಭಾವನೆ ಪಡೆದ ತಪ್ಪಿಗೆ ಕುರ್ಚಿಯಿಂದ ಇಳಿಸಿತು. ಪ್ರಯುತ್ ಸೇನೆಯಿಂದ ನಿವೃತ್ತರಾಗಿ ಆರು ವರ್ಷ ಕಳೆದರೂ ಸೇನೆಯ ಮನೆಯಲ್ಲೇ ಇದ್ದಾರೆಂಬ ದೂರು 2020ರಲ್ಲಿ ಬಂದಾಗ ನ್ಯಾಯಾಲಯಕ್ಕೆ ಅದರಲ್ಲೇನೂ ಕಾಣಲಿಲ್ಲ. ಒಗ್ಗರಣೆಯ ವಾಸನೆ ಬಂದಿದ್ದರೆ ಕತೆ ಬೇರೆ.

ಈಗ ಕಳೆದುಹೋದ ಲೆಕ್ಕ. ಜನರಲ್ ಬರೆಸಿದ ಸಂವಿಧಾನದಲ್ಲೇ ಪ್ರಧಾನಿಯೊಬ್ಬರು ಎಂಟು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ ಎಂದಿತ್ತು. 2014ರ ಆಗಸ್ಟ್ 24ರಿಂದ ಎಣಿಸಿದರೆ 2022ರ ಆಗಸ್ಟಿಗೆ ಭರ್ತಿ. ಆ ತಿಂಗಳು 24ರಂದು ನ್ಯಾಯಾಲಯ ಅವರನ್ನು ಅಮಾನತು ಮಾಡಿತು, ಪ್ರಧಾನಿ ಕುರ್ಚಿಯಿಂದ ಮಾತ್ರ. ರಕ್ಷಣಾ ಮಂತ್ರಿಯ ಕುರ್ಚಿಯಲ್ಲಿ ಅವರು ಹಾಗೇ ಇದ್ದರು. ಹಂಗಾಮಿ ಪ್ರಧಾನಿಯಾದವರು ಜನರಲ್ ಪ್ರವಿತ್ ವೊಂಗ್ಸುವಾನ್. 2017ರ ಡಿಸೆಂಬರಿನಲ್ಲಿ ಸಂಪುಟದ ಗ್ರೂಪ್ ಫೋಟೋಗೆ ನಿಂತಾಗ ಬಿಸಿಲಿಗೆ ಕೈ ಅಡ್ಡ ಹಿಡಿದು, ಮಣಿಕಟ್ಟಿನ ಕೋಟ್ಯಧೀಶ ವಾಚನ್ನು ದೇಶಕ್ಕೆಲ್ಲ ತೋರಿಸಿದವರು ಇವರೇ. ಹುಡುಕಿದಾಗ ಇಪ್ಪತ್ತಕ್ಕೂ ಹೆಚ್ಚು ದುಬಾರಿ ವಾಚುಗಳು ಹಳೆಯ ಫೋಟೋಗಳಲ್ಲಿ ಸಿಕ್ಕವು. ಎಲ್ಲಾ ಗೆಳೆಯನಿಂದ ಕೈಗಡ ತಂದದ್ದು ಎಂದರು, ಗೆಳೆಯ ತೀರಿಕೊಂಡಿದ್ದ. ಭ್ರಷ್ಟಾಚಾರ ತಡೆ ಆಯೋಗ ಸರಿ ಸರಿ ಎಂದಿತು. ಟೈಮಿನ ವ್ಯಾಜ್ಯ ಕೋರ್ಟಿನಲ್ಲಿದ್ದಾಗ ದೇಶವನ್ನು ಇಷ್ಟೊಂದು ವಾಚಿನವರ ಕೈಗೊಪ್ಪಿಸಿದ್ದು ಯುಕ್ತವೇ ತಾನೆ.

ಐದು ವಾರದ ಬಳಿಕ ಆರು–ಮೂರರ ತೀರ್ಪು ಬಂತು. ಎಂಟು ವರ್ಷ ಶುರುವಾಗುವುದು ಸಂವಿಧಾನ ಜಾರಿಯಾದ 2017ರ ಏಪ್ರಿಲ್ 6ರಿಂದ. ಅದಕ್ಕೆ ಮುಂಚಿನ ಆಡಳಿತ, ಹಾಡು, ಸ್ಯಾಂಡ್‌ವಿಚ್, ಮುಚ್ಚಳಿಕೆ ಯಾವುದೂ ಲೆಕ್ಕಕ್ಕಿಲ್ಲ. ಕ್ಯಾಲೆಂಡರ್ ವಿಷಯದಲ್ಲಿ ಎಲ್ಲರಿಗೂ ಇಂಥ ಔದಾರ್ಯ ಸಿಗಲಿಲ್ಲ. ಹಳದಿ ಬಾತುಕೋಳಿಯ ಚಿತ್ರವಿದ್ದ ಕ್ಯಾಲೆಂಡರ್ ಮಾರಿದ ಒಬ್ಬನಿಗೆ, ಅದು ರಾಜನಿಂದೆಯೆಂದು, 2023ರ ಮಾರ್ಚಿನಲ್ಲಿ ಎರಡು ವರ್ಷ ಜೈಲಾಯಿತು. ಅವನ ಎರಡು ವರ್ಷ ಯಾವಾಗಿನಿಂದ ಎಣಿಸಬೇಕೆಂದು ಯಾವ ಪೀಠವೂ ತಲೆ ಕೆರೆದುಕೊಳ್ಳಲಿಲ್ಲ.

ಅದೇ ವರ್ಷದ ಮೇ 14ರಂದು ಮತ್ತೆ ಚುನಾವಣೆ. ಜನರಲ್ ಸೇರಿದ ಹೊಸ ಪಕ್ಷಕ್ಕೆ 36 ಸ್ಥಾನ, ಸೇನೆಯ ಹಿಡಿತ ತಪ್ಪಿಸುತ್ತೇವೆಂದ ಹುಡುಗರ ಪಕ್ಷಕ್ಕೆ 151. ಗೆದ್ದವರಿಗೆ ಸರ್ಕಾರ ಸಿಗದಂತೆ ಸೆನೆಟರುಗಳು ನೋಡಿಕೊಂಡರು; 36ರ ಪಕ್ಷ ಸರ್ಕಾರದೊಳಗೆ ಹೋಯಿತು. ಜುಲೈಯಲ್ಲಿ ಜನರಲ್ ರಾಜಕೀಯಕ್ಕೆ ನಮಸ್ಕಾರ ಹೇಳಿದರು. ನವೆಂಬರಿನಲ್ಲಿ ರಾಜರು ಅವರನ್ನು ಪ್ರಿವಿ ಕೌನ್ಸಿಲ್ಲಿಗೆ, ಅಂದರೆ ತಮ್ಮ ಖಾಸಗಿ ಸಲಹಾ ಮಂಡಳಿಗೆ, ನೇಮಿಸಿಕೊಂಡರು. ಅಲ್ಲಿ ಮತದಾನವಿಲ್ಲ, ಎಂಟು ವರ್ಷದ ಕಟ್ಟಳೆಯಿಲ್ಲ. ಹಿಂದೆ ಜನರಲ್ ಪ್ರೇಮ್ ತಿನಸುಲಾನೊಂದ ಅವರೂ 1980ರಿಂದ 88ರವರೆಗೆ ಎಲ್ಲಿಯೂ ಚುನಾವಣೆಗೆ ನಿಲ್ಲದೆ ಪ್ರಧಾನಿಯಾಗಿದ್ದು, ಆಮೇಲೆ ಇದೇ ಮಂಡಳಿಗೆ ಹೋದರು. 2019ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೆಂಟು, ಆಗಲೂ ಮಂಡಳಿಯ ಅಧ್ಯಕ್ಷರು. ನೇಮಕವಾದ ದಿನ ಪ್ರಯುತ್ ಅವರಿಗೆ ಅರವತ್ತೊಂಬತ್ತು.