ಆರು ಮಿಲಿಮೀಟರ್ ಸಾವ್ಕಾರ್ರು

ದಾವಣಗೆರೆಯಲ್ಲಿದ್ದುಕೊಂಡು ಹಲ್ಲಿನ ಡಾಕ್ಟರಿಗೆ ಹೆದರಿ ಬದುಕುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ. ಬಾಪೂಜಿ ದಂತ ವೈದ್ಯಕೀಯ ಕಾಲೇಜು 1979ರಲ್ಲೇ ಶುರುವಾಯಿತು, ಆಮೇಲೆ ಇನ್ನೊಂದೂ ಬಂತು. ಬೆಣ್ಣೆ ದೋಸೆ ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿಗೆ ಬಿಳಿ ಕೋಟು ಮಡಚಿಟ್ಟುಕೊಂಡ ಹುಡುಗರು, ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯಲ್ಲೂ ಅವರೇ. ಇಂಥ ಊರಲ್ಲಿ ಅರವತ್ತು ದಾಟುವತನಕ ಯಾರೊಬ್ಬರಿಗೂ ಬಾಯಿ ತೆರೆದು ತೋರಿಸದೆ ಬಾಳಿದವರು ಚೌಕಿಪೇಟೆಯ ನಮ್ಮ ಬಟ್ಟೆ ಸಾವ್ಕಾರ್ರು.

ಪುಕ್ಕಲು ಆಸಾಮಿ ಅಂದುಕೊಳ್ಳಬೇಡಿ. ಬೀದಿಯಲ್ಲಿ ಹೊಡೆದಾಟ ನಡೆದರೆ ಪಂಚೆ ಎತ್ತಿ ಕಟ್ಟಿ ನಡುವೆ ನುಗ್ಗುವವರು. ಹಲ್ಲಿನ ಮಾತು ಬಂದರೆ ಮಾತ್ರ ಅವರಪ್ಪನ ದವಡೆಯ ಕಥೆ ತೆಗೆಯುತ್ತಾರೆ. ಜಾತ್ರೆಯಲ್ಲಿ ಇಕ್ಕಳ ಹಿಡಿದವನ ಮುಂದೆ ಅಪ್ಪ ಕೂತರಂತೆ, ಇಬ್ಬರು ಭುಜ ಅದುಮಿ ಹಿಡಿದರಂತೆ, ಕೂಗಿದ್ದು ಊರಾಚೆಯ ಕೆರೆಗೆ ಕೇಳಿಸಿತಂತೆ. ನಿಜವೇ ಇದ್ದೀತು. ಆದರೆ ಈಗ ವಸಡಿಗೆ ಚುಚ್ಚುವ ಲಿಗ್ನೋಕೇನ್ ಸ್ವೀಡನ್ನಿನಲ್ಲಿ ತಯಾರಾದದ್ದು 1943ರಲ್ಲಿ. ವಯಸ್ಸಿನಲ್ಲಿ ಅದು ಸಾವ್ಕಾರ್ರಿಗಿಂತ ಹಿರಿದು. ಮರಗಟ್ಟಿಸುವ ಔಷಧಿ ಬಂದ ಮೇಲೆ ಹುಟ್ಟಿದ ಮನುಷ್ಯ, ಅದು ಬರುವ ಮುಂಚಿನ ನೋವಿಗೆ ಜೀವಮಾನವಿಡೀ ಹೆದರಿದರು.

ಹೆದರಿದವರು ಸುಮ್ಮನೆ ಕೂರುವುದಿಲ್ಲ, ವೈದ್ಯರಾಗುತ್ತಾರೆ. ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಪಟಿಕ, ಉಪ್ಪು ಬೆರೆಸಿದ ಇದ್ದಿಲ ಪುಡಿ, ಬೇವಿನ ಕಡ್ಡಿ, ಲವಂಗದ ಎಣ್ಣೆ. ತಮಾಷೆಯೆಂದರೆ, ಹಲ್ಲಿನ ಕ್ಲಿನಿಕ್ಕಿನ ಬಾಗಿಲಲ್ಲೇ ಮೂಗಿಗೆ ಬಡಿದು ಇವರ ಎದೆ ನಡುಗಿಸುತ್ತಿದ್ದ ವಾಸನೆಯೂ ಲವಂಗದ್ದೇ. ಅದರ ಎಣ್ಣೆಯಲ್ಲಿರುವ ಯೂಜಿನಾಲನ್ನು ಡಾಕ್ಟರುಗಳು ಹಲ್ಲು ತುಂಬುವ ಸಿಮೆಂಟಿಗೆ ಕಲಸುತ್ತಾರೆ.

ಬಾಯಿ ಮುಕ್ಕಳಿಸಿದಾಗ ಬೇಸಿನ್ನು ಕೆಂಪಗಾಗುವುದನ್ನು ಮೊದಲು ಕಂಡವರು ಮನೆಯವರು.

"ವಸಡಿನಾಗ ರಕ್ತ ಬರ್ತೈತಲ್ರೀ?"

"ಉಷ್ಣ ಅದು."

ಕನ್ನಡ ನಾಡಿನಲ್ಲಿ ಉಷ್ಣದ ತಲೆಗೆ ಕಟ್ಟಲಾಗದ ರೋಗವಿಲ್ಲ. ಎಳನೀರು ಬಂತು, ಮಜ್ಜಿಗೆ ಬಂತು. ರಕ್ತ ಬರುವ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಸಾವ್ಕಾರ್ರು ಬಿಟ್ಟರು. ಬ್ರಷ್ ಮೊದಲು ಮುಟ್ಟಬೇಕಾದ ಜಾಗವೇ ಅದಾಗಿತ್ತು. ಅಲ್ಲಿ ಕೂತ ಪಾಚಿ ಗಟ್ಟಿಯಾಗಿ ಕಿಟ್ಟವಾಯಿತು. ಕಿಟ್ಟಕ್ಕೆ ಬೇವಿನ ಕಡ್ಡಿಯೂ ಒಂದೇ, ದುಬಾರಿ ಪೇಸ್ಟೂ ಒಂದೇ, ಯಾವುದಕ್ಕೂ ಜಗ್ಗುವುದಿಲ್ಲ. ಅಂಗಡಿಯ ಹುಡುಗರು ಸೀರೆ ಬಿಡಿಸುವ ನೆಪದಲ್ಲಿ ಒಂದು ಮಾರು ದೂರ ನಿಲ್ಲತೊಡಗಿದರು. ಸಾವ್ಕಾರ್ರ ಜೇಬಿಗೆ ಏಲಕ್ಕಿ ಡಬ್ಬಿ ಬಂತು.

ಇಷ್ಟಾದರೂ ನೋವು? ಇಲ್ಲ. ಹುಳುಕು ಹಲ್ಲಾದರೆ ನಡುರಾತ್ರಿ ಎಬ್ಬಿಸಿ ಕೂರಿಸಿ ಮರ್ಯಾದೆ ಕಳೆಯುತ್ತದೆ. ವಸಡಿನ ರೋಗ ಹಾಗಲ್ಲ, ಬಹಳ ಸಂಭಾವಿತ. ಹಲ್ಲನ್ನು ಹಿಡಿದ ಮೂಳೆಯನ್ನು ವರ್ಷಗಟ್ಟಲೆ ಕರಗಿಸುತ್ತಿದ್ದರೂ ಒಡೆಯನ ನಿದ್ದೆ ಕೆಡಿಸುವುದಿಲ್ಲ. ಹೆದರುವವರಿಗೆಂದೇ ಹೇಳಿ ಮಾಡಿಸಿದ ಕಾಯಿಲೆ. "ನೋವಿಲ್ಲ ಅಂದಮ್ಯಾಲೆ ರೋಗ ಎಲ್ಲಿಂದ ಬಂತು?" ಎಂದು ಕೇಳಿ ಅವರು ಎಷ್ಟು ಜನರ ಬಾಯಿ ಮುಚ್ಚಿಸಿದ್ದಾರೋ.

ಕೊನೆಗೆ ಸಿಕ್ಕಿಹಾಕಿಸಿದ್ದು ಶುಗರ್. ಗುಳಿಗೆ ಹೆಚ್ಚಿಸಿದರೂ ಇಳಿಯಲಿಲ್ಲ. ಶುಗರ್ ಡಾಕ್ಟರು ಬಾಯಿಗೆ ಟಾರ್ಚ್ ಬಿಟ್ಟು ನೋಡಿ, "ವಸಡು ಹಿಂಗ ಬಾತಿದ್ರ ಶುಗರ್ ಇಳಿಯಾಕ ಬಿಡಂಗಿಲ್ಲ, ಶುಗರ್ ಇಳೀಲಿಲ್ಲ ಅಂದ್ರ ವಸಡು ವಾಸಿ ಆಗಂಗಿಲ್ಲ. ಮೊದಲು ಹಲ್ಲು ತೋರಿಸ್ರಿ" ಅಂದರು. ಸಾವ್ಕಾರ್ರು ತಲೆಯಾಡಿಸಿ ಬಂದು ಮತ್ತೊಂದು ತಿಂಗಳು ತಳ್ಳಿದರು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ, ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ: ಈ ಎರಡು ವಾದ ಕೈಯಲ್ಲಿದ್ದವು. ಎರಡನೆಯದು ಬರೀ ಬುರುಡೆ. ಮೊದಲನೆಯದಕ್ಕೆ ಒಂದು ಎಳೆಯಷ್ಟು ಆಧಾರವುಂಟು. ಸಂದಿಯಲ್ಲಿದ್ದ ಕಿಟ್ಟ ಹೋದ ಮೇಲೆ ನಾಲಿಗೆಗೆ ಸಂದಿ ಸಿಗುತ್ತದೆ, ಮನುಷ್ಯ ಹಲ್ಲೇ ಸಡಿಲಾಯಿತು ಅಂದುಕೊಳ್ಳುತ್ತಾನೆ. ಒಂದು ಸಂಜೆ ಮೆಣಸಿನಕಾಯಿ ಕಚ್ಚುವಾಗ, ಯಾವ ಕ್ಲೀನೂ ಮಾಡಿಸದೆ, ಮುಂದಿನ ಹಲ್ಲು ಅಲ್ಲಾಡಿತು. ವಾದ ಅಲ್ಲಿಗೆ ಮುಗಿಯಿತು.

ಜೊತೆಗೆ ಹೋದವನು ನಾನು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮದುವೆ ಸೀರೆ ಇವರ ಅಂಗಡಿಯಲ್ಲೇ ಕೊಂಡವಳು. "ಅಂಕಲ್, ನೋವಾದ್ರ ಎಡಗೈ ಎತ್ರಿ, ನಿಲ್ಲಿಸ್ತೀನಿ" ಅಂದಳು. ಕುರ್ಚಿ ಹಿಂದಕ್ಕೆ ವಾಲುವ ಮೊದಲೇ ಎಡಗೈ ಮೇಲಿತ್ತು. ಆಕೆ ನಗಲಿಲ್ಲ, ಕಾದಳು. ಸಣ್ಣ ಗೆರೆಗಳಿದ್ದ ಸಪೂರ ಸಲಾಕೆಯೊಂದನ್ನು ವಸಡಿನ ಅಂಚಿಗೆ ಮೆಲ್ಲಗೆ ಇಳಿಸುತ್ತಾ ಹೇಳತೊಡಗಿದಳು: "ತ್ರೀ, ಟೂ, ತ್ರೀ. ಫೋರ್, ಫೈವ್, ಸಿಕ್ಸ್." ಪಕ್ಕದ ಹುಡುಗಿ ಬರೆದುಕೊಂಡಳು.

ಸಾವ್ಕಾರ್ರ ಕಿವಿ ನಿಮಿರಿತು. ಒಬ್ಬರು ಅಳತೆ ಕೂಗುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಹುಟ್ಟಿದಾಗಿನಿಂದ ಅಂಗಡಿಯಲ್ಲಿ ಕೇಳಿದ ಧಾಟಿ. ಎಡಗೈ ತಾನೇ ಇಳಿದು ತೊಡೆಯ ಮೇಲೆ ಕೂತಿತು. ಸಲಾಕೆ ಹೊರಬಂದದ್ದೇ ತಡ, ವಿಚಾರಣೆ ಶುರು.

"ಏನಮ್ಮಾ ಈ ಅಳತಿ?"

"ಹಲ್ಲಿಗೂ ವಸಡಿಗೂ ನಡುವಿನ ಆಳ ಅಂಕಲ್, ಮಿಲಿಮೀಟರಿನಾಗ. ಮೂರರ ಒಳಗ ಇದ್ರ ಚಲೋ. ನಿಮಗ ಹಿಂದ ಆರು ಐತಿ."

"ಆರು ಜಾಸ್ತಿ ಆತು. ಐದು ಮಾಡ್ರಿ."

"ಕಮ್ಮಿ ಮಾಡಾಕ ನಾನಿರೋದು, ಬಾಯಿ ತೆಗೀರಿ."

ಮುಂದಿನದು ಹೇಳುವಂಥದ್ದೇನಿಲ್ಲ. ಇಂಜೆಕ್ಷನ್ನಿಗೆ ಮೊದಲು ಜೆಲ್ ಸವರಿದರು. ಕೊರೆಯುವ ಮಷೀನೆಂದು ಇವರು ನಡುಗಿದ್ದು ನೀರು ಚಿಮ್ಮಿಸುತ್ತಾ ಅದುರಿ ಕಿಟ್ಟ ಉದುರಿಸುವ ಯಂತ್ರ. ಒಂದು ವಾರ ಎಡಭಾಗ, ಮುಂದಿನ ವಾರ ಬಲಭಾಗ, ವಸಡಿನ ಕೆಳಗೆ ಬೇರಿನತನಕ. ಕೆಲವು ದಿನ ತಣ್ಣೀರು ಜುಮ್ಮೆಂದಿತು. ಕರಗಿದ ಮೂಳೆ ತಾನಾಗಿ ತಿರುಗಿ ಬೆಳೆಯುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ಎರಡು ತಿಂಗಳ ಮೇಲೆ ಮತ್ತೆ ಅಳೆದಾಗ ಆರು ನಾಲ್ಕಾಗಿತ್ತು.

ಆ ಅಳತೆ ಚೀಟಿ ಈಗ ಲ್ಯಾಮಿನೇಟ್ ಆಗಿ ಗಾದಿಯ ಮೇಲಿದೆ. ಗಿರಾಕಿ ಸೀರೆ ಆರಿಸುವಾಗ ನಕ್ಕರೆ ಸಾವ್ಕಾರ್ರ ಕಣ್ಣು ಸೆರಗಿನ ಮೇಲಿರುವುದಿಲ್ಲ, ವಸಡಿನ ಮೇಲಿರುತ್ತದೆ. ಬೀಗರ ಮನೆಗೆ ಹೋದರೂ ಊಟಕ್ಕೆ ಮೊದಲು "ನಿಮ್ಮದೆಷ್ಟು ಮಿಲಿಮೀಟರ್?" ಅನ್ನುತ್ತಾರೆ. ಮನೆಯವರಿಗೆ ಹಳೇ ಸಾವ್ಕಾರ್ರೇ ವಾಸಿಯಿತ್ತೆನಿಸಿದೆ.

ಮೊನ್ನೆ ಶುಗರ್ ಡಾಕ್ಟರ ಹತ್ತಿರ ಹೋಗಿದ್ದೆವು. ರಿಪೋರ್ಟು ನೋಡಿ ಡಾಕ್ಟರು ಸ್ವಲ್ಪ ಇಳಿದಿದೆ ಎಂದು ಖುಷಿಪಟ್ಟರು. ಸಾವ್ಕಾರ್ರು ಮುಂದಕ್ಕೆ ಬಾಗಿ ಕೇಳಿದರು:

"ಅದಿರ್ಲಿ ಡಾಕ್ಟ್ರೇ, ನಿಮ್ದು ಎಷ್ಟೈತಿ?"

ಡಾಕ್ಟರು ಪೆನ್ನಿನ ಕ್ಯಾಪು ಹುಡುಕಿದರು. "ಟೈಮೇ ಆಗಿಲ್ರೀ. ಹಂಗ ನೋಡಿದ್ರ ನನಗೇನೂ ನೋವಿಲ್ಲ."

"ನನಗೂ ಇರ್ಲಿಲ್ಲ ಬಿಡ್ರಿ" ಅಂದರು ಸಾವ್ಕಾರ್ರು. "ಹೆದರಬ್ಯಾಡ್ರಿ, ಜೋಡಿ ನಾನು ಬರ್ತೀನಿ. ಎಡಗೈ ಎತ್ತಿದ್ರ ನಿಲ್ಲಿಸ್ತಾರ."