ನಟ್ಟನಡುವಿನ ಕಾಕಾ

ಮದುವೆ ಮಾತುಕತೆಯಿರಲಿ, ಹೊಲದ ಪಾಲಿನ ಜಗಳವಿರಲಿ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆತನಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಎಲ್ಲಿ ಕೂಡಬೇಕು ಎಂಬ ಮಾತು ಬಂದದ್ದೇ ತಡ, ಕಾಕಾ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಗಾಣಗಾಪುರ. ಎಲ್ಲರಿಗೂ ನಟ್ಟನಡುವ ಆಗ್ತದ ನೋಡ್ರಿ."

ನಕಾಶೆಯ ಮಟ್ಟಿಗೆ ಅವರ ಮಾತು ಸುಳ್ಳಲ್ಲ. ಮೂರೂ ಊರಿಗೆ ಗೆರೆ ಎಳೆದರೆ ಗಾಣಗಾಪುರ ತ್ರಿಕೋನದ ಒಳಗೇ ಬೀಳುತ್ತದೆ, ಅಂಚಿಗೆ ಅಂಟಿಕೊಂಡಾದರೂ. ಅಫಜಲಪುರದವರು ಎರಡನೇ ಚಹಾ ಮುಗಿಸಿ ಹೊರಟರೂ ಮೊದಲು ಮುಟ್ಟುತ್ತಾರೆ. ಆಳಂದದವರು ನಸುಕಿನಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರಬೇಕು. ರೈಲಿನವರ ಪಾಡು ಕೇಳಬೇಡಿ. 'ಗಾಣಗಾಪುರ ರೋಡ್' ಎಂಬ ಹೆಸರು ನಂಬಿ ಇಳಿದರೆ ದತ್ತನ ಗುಡಿ ಇನ್ನೂ ಸುಮಾರು 20 ಕಿ.ಮೀ. ದೂರ.

ಒಮ್ಮೆ ಆಳಂದದವರು ತಕರಾರು ತೆಗೆದಾಗ ಕಾಕಾ ಹಲಗೆಯೊಂದನ್ನು ಹೊತ್ತು ತಂದರು. ಪ್ಲೈವುಡ್ಡಿಗೆ ನಕಾಶೆ ಅಂಟಿಸಿ, ಮೂರು ಊರಿನ ಚುಕ್ಕೆಯಲ್ಲಿ ತೂತು ಕೊರೆದಿದ್ದರು. ತೂತಿಗೊಂದು ದಾರ, ಮೇಲೆ ಮೂರಕ್ಕೂ ಒಂದೇ ಗಂಟು, ಕೆಳಗೆ ಟ್ರ್ಯಾಕ್ಟರಿನ ಹಳೆ ನಟ್ಟುಗಳು, ತಲೆಗೊಂದರಂತೆ. ಗಂಟು ಸರಿದು ಎಲ್ಲಿ ನಿಲ್ಲುತ್ತದೋ ಅಲ್ಲಿ ಕೂಡಿದರೆ ಎಲ್ಲರ ನಡಿಗೆಯ ಒಟ್ಟು ಮೊತ್ತ ಅತಿ ಕಡಿಮೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ಒಡ್ಡಿ, ಇಟಲಿಯ ಟೊರಿಸೆಲ್ಲಿ ಬಿಡಿಸಿದ ಲೆಕ್ಕವಿದು. 1909ರಲ್ಲಿ ಜರ್ಮನಿಯ ವೇಬರ್ ಕಾರ್ಖಾನೆ ಎಲ್ಲಿ ಹಾಕಬೇಕೆಂದು ತಿಳಿಯಲು ಇದನ್ನೇ ಬಳಸಿದ. ಹಲಗೆಗೆ ವರಿಗ್ನಾನ್ ಚೌಕಟ್ಟು ಎಂದು ಹೆಸರು. ಕಾಕಾನ ಮಟ್ಟಿಗೆ ಅದು ದತ್ತನ ಪ್ರಸಾದ.

ಗಂಟು ಬಿಟ್ಟರು. ಅದು ತೂಗಾಡಿ ಆಳಂದದ ಕಡೆಗೇ ಜಾರತೊಡಗಿತು. ಆಳಂದದಲ್ಲಿ ತಲೆಗಳೇ ಹೆಚ್ಚು! ಕಾಕಾ ವಿಚಲಿತರಾಗಲಿಲ್ಲ. "ಅತ್ತಿಗೆ ಮೊಣಕಾಲು ನೋವು, ಬರೂದಿಲ್ಲ" ಎಂದು ಒಂದು ನಟ್ಟು ಕಳಚಿದರು. "ಸಣ್ಣವನ ಪರೀಕ್ಷಾ ಅದ" ಎಂದು ಇನ್ನೊಂದು. ಗಂಟು ಗಾಣಗಾಪುರಕ್ಕೆ ಬರುವ ಹೊತ್ತಿಗೆ ಆಳಂದದ ಅರ್ಧ ಮನೆ ಗೈರುಹಾಜರಾಗಿತ್ತು. ಇದನ್ನು ಬರೆಯುವ ಪ್ರಾಣಿ ಹಲಗೆಯ ಒಂದು ತುದಿ ಹಿಡಿದು, ಊಟ ಬೇಗ ಬಡಿಸಲೆಂಬ ಆಸೆಗೆ ಎಲ್ಲಕ್ಕೂ ಹ್ಞೂಂ ಎನ್ನುತ್ತಿತ್ತು.

ದಾರಕ್ಕೆ ಹೊಳೆಯ ಲೆಕ್ಕ ಗೊತ್ತಿಲ್ಲ. ಜೇವರ್ಗಿ ಭೀಮೆಯ ಆಚೆ ದಂಡೆ. ಸೇತುವೆ ಇದ್ದಲ್ಲೇ ದಾಟಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಸೇತುವೆಗಳೇ ನೀರಡಿ ಹೋದಾಗ ನಟ್ಟನಡುವೆಂಬುದು ಯಾರಿಗೂ ಮುಟ್ಟಲಾಗದ ಜಾಗವಾಗಿತ್ತು. ಇದನ್ನು ಎತ್ತಿದರೆ ಕಾಕಾ ದೇಶದ ನಟ್ಟನಡು ಎನ್ನಲಾಗುವ ನಾಗಪುರದ ಝೀರೋ ಮೈಲ್ ಕಲ್ಲಿನ ಕಥೆ ತೆಗೆದು ಮಾತು ತಿರುಗಿಸುತ್ತಾರೆ.

ಆದರೂ ಎಲ್ಲರಿಗೂ ಫೋನ್ ಮಾಡುವವರು ಅವರೇ. ಕೋಣೆ ಹಿಡಿಯುವವರು, ಭೀಮಾ-ಅಮರಜಾ ಸಂಗಮದಲ್ಲಿ ಮಿಂದೆದ್ದವರ ತಲೆ ಎಣಿಸುವವರು, ಮಧ್ಯಾಹ್ನ ಮಧುಕರಿ ಭಿಕ್ಷೆಗೆ ಜೋಳಿಗೆ ಹಿಡಿದು ಹೊರಟ ಭಕ್ತರ ನಡುವೆ ತಪ್ಪಿಸಿಕೊಂಡ ಮಕ್ಕಳನ್ನು ಹುಡುಕಿ ತರುವವರೂ ಅವರೇ. ಇತ್ತೀಚೆಗೆ ಎಣಿಸಲು ತಲೆಗಳು ಕಡಿಮೆ. ಹರೆಯದವರೆಲ್ಲ ಪುಣೆ, ಬೆಂಗಳೂರು ಸೇರಿದ್ದಾರೆ.

ಹೋದ ಸಲ ಪುಣೆಯ ಹುಡುಗನೊಬ್ಬ ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದ: ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ಊರಿನಲ್ಲಿದ್ದರೆ ಗಂಟು ಆ ಊರು ಬಿಟ್ಟು ಕದಲುವುದೇ ಇಲ್ಲ. "ಕಾಕಾ, ಈಗ ನಟ್ಟನಡು ಪುಣೆನೇ."

"ಹಲಗಿ ಸಾಲೂದಿಲ್ಲೋ ತಮ್ಮಾ" ಎಂದ ಕಾಕಾ ಜೇವರ್ಗಿಯ ಬೀಗರತ್ತ ತಿರುಗಿದರು. "ನೀವು ಎಷ್ಟು ಮಂದಿ ಬರ್ತೀರಿ, ಖರೇ ಹೇಳ್ರಿ."